ನೆಲಹಾಸಿನ ಕೆಳಗಿನ ಉಪ್ಪು

ಕಮಿಸಾವಾ, ನೀಗಾತಾ
ಮಾರ್ಚ್ ೮

ಪ್ರೀತಿಯ ಚಿಜುರು,

ಕಾರನ್ನು ಗುಜರಿಗೆ ಹಾಕುವುದಿಲ್ಲ. ಲೈಸೆನ್ಸನ್ನೂ ಒಪ್ಪಿಸುವುದಿಲ್ಲ. ನಿನ್ನ ಗಂಡನಿಗೂ ಇದನ್ನು ಓದಿ ಹೇಳು.

ಹೊಸ ವರ್ಷಕ್ಕೆ ಬಂದಾಗ ಅವನು ಅಕ್ಕಿಯ ಮೋಚಿ ಉಂಡೆ ಅಗಿಯುತ್ತಾ, "ಅತ್ತೇ, ಗಾಡಿ ನೆಟ್ಟಗಿದೆ. ದೀಪ ಆರ್ತಿರೋದು ನಿಮ್ಮ ಕಣ್ಣಲ್ಲಿ" ಅಂದ. ನೀನು ನಕ್ಕೆ. ನಾನು ಮರೆತಿಲ್ಲ. ಈ ಊರಿನ ಬಸ್ ಸೇವೆ ರದ್ದು ಮಾಡಿದಾಗ ಸಭೆಯಲ್ಲಿ ಬೇಡವೆಂದು ಎದ್ದು ನಿಂತವಳು ನಾನೊಬ್ಬಳೇ. "ಮನೆಮನೆಗೂ ಕಾರಿದೆಯಲ್ಲಮ್ಮ" ಎಂದು ಕೂರಿಸಿದರು. ಅದೇ ಜನ ಈಗ ವಯಸ್ಸಾದವರು ಕಾರು ಓಡಿಸಬಾರದೆಂದು ಕರಪತ್ರ ಹಂಚುತ್ತಾರೆ. ಆಸ್ಪತ್ರೆಗೆ, ಗ್ರಂಥಾಲಯಕ್ಕೆ ನಾನು ಹಿಮದ ಮೇಲೆ ಜಾರಿಕೊಂಡು ಹೋಗಲೇ?

ದೀಪ ಆರುತ್ತಿದ್ದದ್ದು ನಿಜ. ಒಮ್ಮೆ ಸುರಂಗದೊಳಗೇ ಮುಂದಿನ ದೀಪ, ಮೀಟರು ಎರಡೂ ಸತ್ತವು. ಹೊರಬರುವಷ್ಟರಲ್ಲಿ ಏನೂ ಆಗದಂತೆ ಹೊತ್ತಿಕೊಂಡವು. ಅಂದಿನಿಂದ ಕಾರು ಹೊರಗೆ ತೆಗೆದಿರಲಿಲ್ಲ. ನಾನು ಹಟಮಾರಿಯೇ ಹೊರತು ಮೂರ್ಖಳಲ್ಲ. ಮೆಕ್ಯಾನಿಕ್ ಓನೊಜುಕಾ ಅವರು ಎಳೆದುಕೊಂಡು ಹೋಗಿ ನೋಡಿದರು. ಬೆಚ್ಚಗಿನ ಗ್ಯಾರೇಜಿನಲ್ಲಿ ಅದು ಒಮ್ಮೆಯೂ ಮಿಟುಕಲಿಲ್ಲ. "ಹಿಸಾಯೊ ಅವ್ರೇ, ಕೆಡದೇ ಇರೋ ಗಾಡೀನ ನಾನು ಹೆಂಗೆ ರಿಪೇರಿ ಮಾಡ್ಲಿ?" ಎಂದು ವಾಪಸು ತಂದು ಬಿಟ್ಟರು.

ಕೂತು ಯೋಚಿಸಿದೆ. ಕೆಡುತ್ತಿದ್ದದ್ದು ಬೂಟಿನ ಹಿಮ ಕರಗಿ ಒಳಗೆ ಒದ್ದೆಯಾದಾಗ ಮಾತ್ರ. ಕಾರಿನ ನೆಲಹಾಸಿಗೆ ನೀರು ಸುರಿದು ದೀಪ ಹಾಕಿ ಬ್ರೇಕ್ ಒತ್ತಿದೆ. ಮೀಟರು ಮಿಟುಕಿತು. ಡ್ಯಾಶ್‌ಬೋರ್ಡಿನ ಅರ್ಥ್ ತಂತಿಗೆ ಬ್ಯಾಟರಿಯ ಮೈನಸ್ ತುದಿಯಿಂದ ನೇರ ಇನ್ನೊಂದು ತಂತಿ ಕೊಟ್ಟೆ. ಮಿಟುಕುವುದು ನಿಂತಿತು. ನೆಲಹಾಸು ಕಿತ್ತರೆ, ಆ ತಂತಿಯನ್ನು ಕಾರಿನ ಮೈಗೆ ಬಿಗಿದ ಬೋಲ್ಟಿನ ಸುತ್ತ ತುಕ್ಕು, ಪಕ್ಕದಲ್ಲಿ ಬಿಳಿ ಹರಳು. ನಾಲಗೆಗೆ ಇಟ್ಟುಕೊಂಡೆ. ಉಪ್ಪು. ಹಿಮ ಕರಗಿಸಲು ನಮ್ಮ ರಸ್ತೆಗೆ ನೀರು ಚಿಮ್ಮಿಸುತ್ತಾರೆಯೇ ಹೊರತು ಬೇರೆ ಊರಿನಂತೆ ಉಪ್ಪು ಹಾಕುವುದಿಲ್ಲ.

ಅದು ನಿಮ್ಮಪ್ಪನ ಕೆಲಸ. ಊರಲ್ಲಿ ಯಾರು ಸತ್ತರೂ ಮೊದಲು ಹೋಗುತ್ತಿದ್ದವರು ಅವರು. ಅಲ್ಲಿ ಕೊಡುವ ಶುದ್ಧಿಯ ಉಪ್ಪನ್ನು ಎಲ್ಲರೂ ಮನೆ ಬಾಗಿಲಲ್ಲಿ ಮೈಮೇಲೆ ಚಿಮುಕಿಸಿಕೊಂಡರೆ, ಇವರು ಕಾರು ಹತ್ತುವಾಗಲೇ ಕಾಲ ಬುಡಕ್ಕೆ ಸುರಿಯುತ್ತಿದ್ದರು. "ಸತ್ತೋರು ಪಕ್ಕದಲ್ಲಿ ಕೂತ್ಕೊಂಡು ಬಂದ್ಬಿಟ್ರೆ ಪೆಟ್ರೋಲ್ ಯಾರು ಹಾಕ್ಸೋದು?" ಅನ್ನುತ್ತಿದ್ದರು.

ಉಜ್ಜಿ, ಹೊಸ ಬೋಲ್ಟ್ ಬಿಗಿದು, ಗ್ರೀಸ್ ಬಳಿದೆ. ಮತ್ತೆ ನೀರು ಸುರಿದು, ಓನೊಜುಕಾ ಅವರನ್ನೂ ಕೂರಿಸಿಕೊಂಡು ಸುರಂಗ ದಾಟಿ ಬಂದೆ. ದೀಪ ಅಲುಗಲಿಲ್ಲ. ಮುಂದಿನ ವಾರ ಕಾರಿನ ತಪಾಸಣೆಗೆ ನಾನೇ ಓಡಿಸಿಕೊಂಡು ಹೋಗುತ್ತೇನೆ.

ನಿನ್ನ ಅಮ್ಮ,
ಹಿಸಾಯೊ

ತಾ.ಕ.: ನಿಮ್ಮಪ್ಪನ ಅಂತ್ಯಕ್ರಿಯೆ ಮುಗಿಸಿ ಹೊರಟಾಗ, ಅವರಂತೆಯೇ ಕಾರಿನಲ್ಲಿ ಸುರಿಯಲು ನೀನು ಉಪ್ಪಿನ ಪೊಟ್ಟಣ ತೆಗೆದಿದ್ದೆ. ನಾನು ಕಿತ್ತುಕೊಂಡಿದ್ದೆ, ನೆನಪಿದೆಯೇ? ಅದು ಇನ್ನೂ ಹರಿಯದೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ. ಪೆಟ್ರೋಲ್ ನಾನೇ ಹಾಕಿಸುತ್ತಿದ್ದೇನೆ.