ಭಾವನ ಹಣೆಯಲ್ಲಿ ನಿಲ್ಲದ ವಿಭೂತಿ

ಸಾಲಿಗ್ರಾಮ

ಎಷ್ಟು ಕೋಪ ಬಂದರೂ ಬಿಟ್ಟಿರಲಾಗದ ನೀಲಾಂಬಿಕೆ ಅಕ್ಕನಿಗೆ,

ಈ ಕಾಗದವನ್ನು ಹಾರನಹಳ್ಳಿಗೆ ತರುವ ಕುಳ್ಳಮ್ಮನಿಗೆ ಓದು ಬರುವುದಿಲ್ಲ. ಅದಕ್ಕೇ ಅವಳನ್ನು ನಂಬಿದ್ದೇನೆ. ನನ್ನ ಫೋನು ಅಪ್ಪನ ಬೀರುವಿನಲ್ಲಿದೆ. ಇಲ್ಲಿ ಸೋದರತ್ತೆಯ ಫೋನಿನಲ್ಲಿ ಮಾತಾಡೋಣವೆಂದರೆ ಅವಳು ಸೊಪ್ಪು ಸೋಸುವ ನೆಪದಲ್ಲಿ ಪಕ್ಕದಲ್ಲೇ ಕೂರುತ್ತಾಳೆ. ಓದಿದ ಮೇಲೆ ಒಲೆಗೆ ಹಾಕು. ಭಾವ ಮನೆಯಲ್ಲಿದ್ದರೆ ಈಗಲೇ ಮಡಚಿಡು. ಭಾವ ಎಂದು ಬರೆದದ್ದು ಬರೀ ಅಭ್ಯಾಸಕ್ಕೆ.

ಮನುಷ್ಯರ ಹಣೆಯಲ್ಲಿ ನನಗೆ ಕಾಣುವ ಸಣ್ಣ ಬೆಳಕಿನ ವಿಷಯ ಮೊದಲು ಹೇಳಿದ್ದು ನಿನಗೇ. ಅಜ್ಜಿ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದಾಗಲೇ ಅವಳ ಬೆಳಕು ಕುಂದುತ್ತಿದೆ ಎಂದೆ. ಎಲ್ಲರೂ ಬೈದರು. ನೀನು ಮಾತ್ರ ಹಿತ್ತಲಿಗೆ ಕರೆದುಕೊಂಡು ಹೋಗಿ, "ನಾನ್ ನಂಬ್ತೀನಿ ಕಣೇ" ಅಂದೆ. ಆ ವಾರವೇ ಅಜ್ಜಿ ಹೋದಳು. ಆಮೇಲೆ ಬೈದವರೆಲ್ಲ ನನ್ನನ್ನು ಕಂಡರೆ ಸೆರಗು, ಟವೆಲ್ಲು ಹಣೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ನಮ್ಮಿಬ್ಬರಿಗೆ ನಗುವೋ ನಗು.

ಕೋಟೆ ತಾಲ್ಲೂಕಿನ ಕಡೆಯ ಶುಂಠಿ ಹೊಲಕ್ಕೆ ಹೋಗಿ ಕಾಡಂಚಿನಲ್ಲಿ ಕಾಣೆಯಾಗಿದ್ದ ಭಾವ ತಾನಾಗಿಯೇ ನಡೆದು ಬಂದ ದಿನವನ್ನು ನೆನಪಿಸಿಕೋ. ಗಂಡಾಂತರ ಕಳೆದು ಬಂದವರಿಗೆ ನಮ್ಮ ಮನೆಯಲ್ಲಿ ಹಿರಿಯರು ಹೊಸಿಲಲ್ಲೇ ವಿಭೂತಿ ಹಚ್ಚುತ್ತಾರಲ್ಲ, ಹಾಗೆ ಅಪ್ಪ ಹಚ್ಚಿದರು. ನಿಲ್ಲಲಿಲ್ಲ. ಮತ್ತೆ ಹಚ್ಚಿದರು, ಹಿಟ್ಟಿನ ಹಾಗೆ ಉದುರಿತು. "ಬಿಸ್ಲಲ್ಲಿ ನಡ್ಕಂಡ್ ಬಂದವ್ರೆ, ಬೆವ್ರು ಕಣವ್ವ" ಅಂದರು. ಬೆವರಿಗೆ ವಿಭೂತಿ ಅಂಟುತ್ತದೆ ಅಕ್ಕ, ಉದುರುವುದಿಲ್ಲ. ಅಳಿಯ ಸಿಕ್ಕಿದ ಸಂತೋಷದಲ್ಲಿ ಅಷ್ಟೂ ಯಾರಿಗೂ ಹೊಳೆಯಲಿಲ್ಲ. ಅಜ್ಜಿಯ ಬೆಳಕು ಕುಂದಿತ್ತು. ಇವನ ಹಣೆಯಲ್ಲಿ ಬೆಳಕೇ ಇರಲಿಲ್ಲ.

ಇವನು ಭಾವನಲ್ಲ ಎಂದು ಎಲ್ಲರೆದುರು ಹೇಳಿಬಿಟ್ಟೆ. ಅಪ್ಪ ಇಲ್ಲಿಗೆ ಸಾಗಹಾಕಿದ್ದಕ್ಕೆ ನನಗೆ ಕೋಪವಿಲ್ಲ, ಅಮ್ಮ ತಾಯತ ಕಟ್ಟಿಸಿದ್ದಕ್ಕೂ ಇಲ್ಲ. "ನನ್ ಸಂಸಾರ ಕಂಡ್ರೆ ಇವಳ್ಗೆ ಒಟ್ಟೆಕಿಚ್ಚು" ಎಂದೆಯಲ್ಲ, ಆ ಮಾತಿಗೆ ಇವತ್ತೂ ಮೈ ಉರಿಯುತ್ತದೆ. ಅದು ನಿನ್ನ ಮಾತಲ್ಲ. ಯಾರು ನಿನ್ನ ಕಿವಿ ಊದಿದರು ಎಂದು ಒಮ್ಮೆ ಯೋಚಿಸು. ನಾನು ಆ ಮನೆಯಿಂದ ದೂರವಾದರೆ ಲಾಭ ಯಾರಿಗೆ?

ನಿನ್ನೆ ಅವನು ಇಲ್ಲಿಗೆ ಬಂದಿದ್ದ. ಕೈಯಲ್ಲಿ ರಸಬಾಳೆ, ಮುಖದಲ್ಲಿ ಭಾವನದೇ ನಗು. ಅತ್ತೆ ಕಾಫಿ ಮಾಡಲು ಒಳಗೆ ಹೋದಳು. ಅವನು ಜಗುಲಿಯಲ್ಲಿ ಕೂತು ಹಣ್ಣು ಸುಲಿಯುತ್ತ ಮೆಲ್ಲಗೆ, "ನಿನ್ಗೆ ಕಂಡಿದ್ದು ಸರಿಯಾಗೇ ಐತೆ ಪುಟ್ಟಿ. ಬ್ಯಾರೆ ಯಾರ್ಗೂ ಕಾಣಲ್ಲ, ಬುಡು" ಅಂದ. ಅತ್ತೆ ಲೋಟ ತಂದಾಗ ಸಕ್ಕರೆ ಕಮ್ಮಿಯಾಯಿತೆಂದು ತಮಾಷೆ ಮಾಡುತ್ತಿದ್ದ.

ಹೆದರಿಕೆ ಆಮೇಲೆ ಬಂತು ಅಕ್ಕ. ಮೊದಲು ಬಂದದ್ದು ಸಮಾಧಾನ. ಇಷ್ಟು ಜನರಲ್ಲಿ ಒಬ್ಬರಾದರೂ ನನ್ನ ಮಾತು ನಿಜ ಎಂದರಲ್ಲ ಎಂದು ಅವನೆದುರೇ ಅತ್ತುಬಿಟ್ಟೆ. ಅವನು ನನ್ನ ತಲೆ ಸವರಿದ. ನಾನು ತಲೆ ಸರಿಸಿಕೊಳ್ಳಲಿಲ್ಲ.

ನನ್ನನ್ನು ನಂಬದಿದ್ದರೂ ಸರಿ, ಜಗಳವಾಡಲಿಕ್ಕಾದರೂ ಬಾ. ಒಬ್ಬಳೇ ಬಾ. ಅಲ್ಲಿಯವರೆಗೆ ಶಿವ ನಿನ್ನ ಪಕ್ಕದಲ್ಲೇ ಇರಲಿ.

ನಿನ್ನ ತಂಗಿ,
ಪುಟ್ಟಿ