ನಿಮ್ಮ ಕಾಲಿನ ಮೊಮ್ಮಗಳು

ಕಳಮಶ್ಶೇರಿ, ಕೊಚ್ಚಿ
ಆಗಸ್ಟ್ 12, 2006

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತಾ? ತಿರುವನಂತಪುರದಲ್ಲಿ ತಮ್ಮ ನಟರಾಜನ ಕ್ವಾರ್ಟರ್ಸಿಗೆ ಲಿಫ್ಟಿಲ್ಲ, ಹಟಕ್ಕೆ ಬಿದ್ದು ದಿನಾ ಮೆಟ್ಟಿಲು ಹತ್ತಿಳಿಯಬೇಡಿ. ಒಂದು ಮಾತೂ ಹೇಳದೆ ಆಲುವದಲ್ಲಿ ರೈಲು ಹತ್ತಿ ಹೋಗಿಬಿಟ್ಟಿರಲ್ಲ, ನನ್ನ ಕೋಪ ಇನ್ನೂ ಇಳಿದಿಲ್ಲ. ಫೋನ್ ಮಾಡಿದರೆ ನಟರಾಜನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ, ಪೂರ್ತಿ ಓದಿ.

ನಿಮ್ಮ ಮೊಮ್ಮಗಳು ನೇಹಾಳ ಕಾಲು ಸೊಟ್ಟಗಾಗುತ್ತಿದೆ ಎಂದಾಗ ಮೊದಲಿನ ಡಾಕ್ಟರು ವಿಟಮಿನ್ ಡಿ ಕೊರತೆ ಅಂದರು. ನೀವು ಪಾಪ, ದಿನಾ ಬೆಳಿಗ್ಗೆ ಅವಳನ್ನು ಟೆರೇಸಿಗೆ ಹೊತ್ತುಕೊಂಡು ಹೋಗಿ ಬಿಸಿಲು ಕಾಯಿಸಿದಿರಿ. ಆದರೂ ಕಾಲು ನೆಟ್ಟಗಾಗಲಿಲ್ಲವೆಂದು ಡ್ರಾಪ್ಸನ್ನು ಹೇಳಿದ್ದಕ್ಕಿಂತ ಜಾಸ್ತಿ ಕುಡಿಸಿದಿರಿ. ಈಗಿನ ಡಾಕ್ಟರು ಹೇಳುವುದೇ ಬೇರೆ. ಮೂಳೆಗೆ ಬೇಕಾದ ಫಾಸ್ಫೇಟ್ ಮೂತ್ರದಲ್ಲಿ ಸೋರಿಹೋಗುತ್ತಿದೆಯಂತೆ. ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವಂತೆ ಮಾಡಿಕೊಳ್ಳುವುದೂ ಈ ಮೈಗೆ ಸರಿಯಾಗಿ ಆಗುವುದಿಲ್ಲವಂತೆ. ಅದಕ್ಕೇ ಮೊದಲೇ ಹಾಗೆ ಸಿದ್ಧಮಾಡಿದ ವಿಟಮಿನ್ ಡಿಯ ಒಂದು ಪುಟ್ಟ ಮಾತ್ರೆ, ಜೊತೆಗೆ ಫಾಸ್ಫೇಟ್ ನೀರು ಕೊಟ್ಟಿದ್ದಾರೆ. ಹೆಚ್ಚಾದ ಡ್ರಾಪ್ಸಿನಿಂದ ಕಿಡ್ನಿಯಲ್ಲಿ ಸುಣ್ಣದ ಚುಕ್ಕೆ ಕೂತಿದೆ, ನಿಜ. ಸ್ಕ್ಯಾನ್ ನೋಡಿ ನನ್ನ ಎದೆ ಒಡೆದುಹೋಯಿತು ಅಪ್ಪಾ, ಸುಳ್ಳು ಯಾಕೆ ಹೇಳಲಿ. ಆದರೆ ಸಣ್ಣ ಚುಕ್ಕೆ, ಬೆಳೆಯದಂತೆ ನೋಡಿಕೊಳ್ಳೋಣ ಅಂದಿದ್ದಾರೆ.

ಮನೆಯಲ್ಲಿ ಯಾರಿಗಾದರೂ ಇಂಥ ಕಾಲಿದೆಯಾ ಎಂದು ಅವರು ಕೇಳಿದಾಗ ನೀವು ಪಂಚೆ ಕೆಳಗೆಳೆದುಕೊಂಡಿರಿ. ತಂದೆಯಿಂದ ಇದು ಹೆಣ್ಣುಮಕ್ಕಳಿಗೆಲ್ಲ ಬರುತ್ತದೆ, ಗಂಡುಮಕ್ಕಳಿಗೆ ಬರುವುದಿಲ್ಲ ಅಂದರು. ಅದಕ್ಕೇ ನಟರಾಜ ಉದ್ದಕ್ಕೆ ಬೆಳೆದ, ನಾನು ಕುಳ್ಳಿ. ಮನೆಗೆ ಬಂದು ನೀವು ಹೇಳಿದ್ದು ಒಂದೇ ಮಾತು, "ಈ ಕಾಲು ನನ್ನಲ್ಲಿಗೇ ಮುಗಿಯಬೇಕಿತ್ತು." ಎಂಥ ಮಾತಪ್ಪಾ ಅದು! ಮುಗಿದಿದ್ದರೆ ನಾನೆಲ್ಲಿರುತ್ತಿದ್ದೆ?

ಫಾಸ್ಫೇಟ್ ನೀರು ಬಾಯಿಗೆ ಇಡಲಾಗದಷ್ಟು ಕೆಟ್ಟದಾಗಿದೆ. ನೇಹಾ ಥೂ ಎಂದು ಉಗಿದು ಮಲಯಾಳದಲ್ಲಿ "ಅಜ್ಜನ್ ತನ್ನಾಲ್ ಮದಿ" ಅನ್ನುತ್ತಾಳೆ. ಅಜ್ಜ ಕೊಟ್ಟರೇ ಕುಡಿಯೋದಂತೆ ಮಹಾರಾಣಿ! ಬೆಳಿಗ್ಗೆ ಎದ್ದವಳೇ ಟೆರೇಸಿನ ಮೆಟ್ಟಿಲ ಹತ್ತಿರ ಕೂತಿರುತ್ತಾಳೆ. ಬಿಸಿಲೂ ಇಲ್ಲ, ಮಳೆಗಾಲ, ಆದರೂ ಕೂತಿರುತ್ತಾಳೆ.

ನಟರಾಜನಿಗೂ ಅವನ ಹೆಂಡತಿ ಕಮಲಳಿಗೂ ನನ್ನ ನೆನಪು ಹೇಳಿ. ನಿಮ್ಮ ಕಾಲಿಗೆ ನಮಸ್ಕಾರ. ಹೌದು, ಅದೇ ಕಾಲಿಗೆ.

ನಿಮ್ಮ ಮಗಳು,
ವಿಜಯಾ

ಬರೆಯಬೇಕೋ ಬೇಡವೋ ಎಂದು ಉಳಿಸಿಕೊಂಡಿದ್ದೆ: ನಾನು ಮತ್ತೆ ಬಸುರಿ. ಈ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಅಂದರು ಡಾಕ್ಟರು. ಬೇಡವಾದರೆ ಈ ವಾರವೇ ಹೇಳಿ ಅಂದರು. ನಮ್ಮ ಮನೆಯವರು ನಿರ್ಧಾರ ನನಗೇ ಬಿಟ್ಟರು. ಇರಲಿ ಅಂದುಬಿಟ್ಟೆ. ನಿಮ್ಮ ಕಾಲೇ ಬಂದರೂ ಬರಲಿ. ಆದರೆ ತುಂಬಾ ಭಯವಾಗುತ್ತಿದೆ ಅಪ್ಪಾ, ಮನೆಗೆ ಬನ್ನಿ.