ಹರಸಿದಳೋ, ಅರಸಿದಳೋ

ಕೋಲಾರ, ೧೯-೩-೧೯೪೪, ಭಾನುವಾರ

ಮಗು ಮಲಗಿದೆ, ನನಗೇ ನಿದ್ದೆಯಿಲ್ಲ. ನಾಳೆ ಇಂಟರ್‌ಮೀಡಿಯೆಟ್ ಕನ್ನಡ ಪರೀಕ್ಷೆ. ಪಕ್ಕದ ಮನೆಯಲ್ಲಿದ್ದು ಓದುವ, ಕಣ್ಣು ಕಾಣದ ಗಂಗುಲಪ್ಪ ಹೇಳುತ್ತಾನೆ, ನಾನು ಬರೆಯಬೇಕು. ಬರೆಯುವವರು ಸಿಗದೆ ಅವನಿಗೆ ಹೋದ ವರ್ಷವೇ ದಂಡವಾಯಿತು. ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ, ತಿದ್ದುವುದಿಲ್ಲ ಎಂದು ಕಾಲೇಜಿಗೆ ರುಜು ಹಾಕಿ ಕೊಟ್ಟಿದ್ದೇನೆ.

ಸಂಜೆ ಅಭ್ಯಾಸಕ್ಕೆ ಕೂತಾಗ, ‘ತಾಯಿ ಮಗನನ್ನು ಅರಸಿದಳು’ ಎಂದ. ಹಾಗೆಯೇ ಬರೆದೆ.

“ಯಾಕೆ ಹುಡುಕಿದಳು? ಮಗ ಎಲ್ಲಿಗೆ ಹೋಗಿದ್ದನೋ?” ಎಂದೆ.

“ಉಡುಕಿದ್ದಲ್ಲ ಅಕ್ಕಯ್ಯ, ಆಶೀರ್ವಾದ ಮಾಡಿದ್ದು.”

ಸುಗಟೂರಿನವನ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಹಟ ಹಿಡಿದು, ‘ಹ’ ಬಂದಲ್ಲೆಲ್ಲ ಜೋರಾಗಿ ಉಸಿರು ಬಿಡಲು ಕಲಿತ. ಮುಂದಿದ್ದ ದೀಪವೇ ಆರಿಹೋಯಿತು.

“ಏನ್ಲಾ, ನಾಳೆ ಪರೀಕ್ಷೆಗೆ ಹೋಗ್ತೀಯೋ, ಒಲೆ ಊದೋಕೋ?” ಎಂದರು ಅತ್ತೆ. ಅವನೂ ನಕ್ಕ. ಕೊನೆಯ ಹತ್ತು ಸಾಲಿನಲ್ಲಿ ಒಂದು ‘ಹ’ವೂ ತಪ್ಪಲಿಲ್ಲ.

ನಾಳೆ ಮೂರು ಗಂಟೆ ಹೊತ್ತು ಮಗು ನನ್ನ ಹಾಲಿಲ್ಲದೆ ಹೇಗಿರುತ್ತದೋ. “ನಾನಿದೀನಿ ಕಣಮ್ಮ, ಹೋಗಿ ಬಾ” ಎಂದಿದ್ದಾರೆ ಅತ್ತೆ. ಮಗುವನ್ನು ಹರಸಿ ಹೊರಟರೂ ಅಲ್ಲಿ ಕೂತು ಮನಸ್ಸು ಅರಸುತ್ತಲೇ ಇರುತ್ತದೇನೋ. ಆದರೆ ಕೈ ಮಾತ್ರ ಅವನ ಉಸಿರು ಕೇಳಿದ ಕೂಡಲೇ ‘ಹ’ ಬರೆದುಬಿಡುತ್ತದೆ.